ಇಪ್ಪತ್ತೊಂಬತ್ತನೆಯ ಸಾಲು

ಬಿನ್ ಮಹಮೂದ್, ದೋಹಾ
16 ಫೆಬ್ರವರಿ 2024

ಪ್ರೇಮಾವತಿ ದೊಡ್ಡಮ್ಮನಿಗೆ ಮೋಕ್ಷಾಳ ನಮಸ್ಕಾರ.

ನೀವು ನನ್ನ ಫೋನ್ ಎತ್ತುವುದಿಲ್ಲ. ಎತ್ತಿದರೂ ಕಿವಿ ಕೇಳುವುದಿಲ್ಲ ಎಂದು ಮಗ ಸಂಜಯಣ್ಣನ ಕೈಗೆ ಕೊಟ್ಟುಬಿಡುತ್ತೀರಿ. ಮೂವತ್ತಾರು ವರ್ಷ ಟೀಚರ್ ಆಗಿದ್ದವರು ಕೈಗೆ ಬಂದ ಬರಹವನ್ನು ಓದದೆ ಇರಲಾರರು ಎಂಬ ಧೈರ್ಯದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ. ಶುಕ್ರವಾರ ಶುಕ್ರವಾರ ನೀವಿರುವ ವಕ್ರಾದಿಂದ ನಮ್ಮ ಬಿಲ್ಡಿಂಗಿಗೆ ಮೀನು ತರುವ ಕಬೀರ್ ಇದನ್ನು ನಿಮಗೆ ತಲುಪಿಸುತ್ತಾನೆ. "ಟೀಚರಮ್ಮನಿಗಾ? ಕೊಡ್ತೇನೆ ಮಾರಾಯ್ತಿ. ಅವರು ಬೈದ್ರೆ ಅದನ್ನು ಮಾತ್ರ ನಾನು ಹೊತ್ತುಕೊಂಡು ಬರುದಿಲ್ಲ" ಎಂದಿದ್ದಾನೆ.

ಎರಡು ವರ್ಷದ ಹಿಂದೆ ನಾನು ದೋಹಾಕ್ಕೆ ಬಂದ ಮೊದಲ ವಾರವೇ ನಿಮ್ಮನ್ನು ನೋಡಲು ವಕ್ರಾಕ್ಕೆ ಬಂದಿದ್ದೆ. ನನ್ನ ಮಗಳು ಗಗನಾ ಎಲ್ಲಿ ಎಂದು ಕೇಳಿದಿರಿ. ಮಂಗಳೂರಿನಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದೆ ಎಂದೆ. "ನಮ್ಮ ಕುಟುಂಬಕ್ಕೆ ಒಬ್ಬಳು ಪೂವಕ್ಕ ಸಾಕಿತ್ತು" ಎಂದು ಹೇಳಿ ಒಳಗೆ ಹೋದವರು ಹೊರಗೆ ಬರಲಿಲ್ಲ. ಸಂಜಯಣ್ಣನೇ ಚಹಾ ಮಾಡಿ ಕೊಟ್ಟ. ನಾನು ಕುಡಿದು ಮೆಟ್ರೋ ಹತ್ತಿದೆ. ಆಮೇಲೆ ನಿಮ್ಮ ಮನೆಗೆ ಬಂದಿಲ್ಲ.

ಪೂವಕ್ಕನ ವಿಷಯ ನನಗೆ ಗೊತ್ತಿರುವುದು ಇಷ್ಟೇ. ಅವಳು ನಿಮಗೆ ಅಜ್ಜಿ, ನನಗೆ ಮುತ್ತಜ್ಜಿ. ಹಂಚಿನ ಕಾರ್ಖಾನೆಯ ಒಬ್ಬ ಜರ್ಮನ್ ಎಂಜಿನಿಯರನ ಮಗುವಿಗೆ ಆಯಾ ಆಗಿದ್ದಳು. 1913ರಲ್ಲಿ ಆ ಕುಟುಂಬ ಅಮೆರಿಕಕ್ಕೆ ಹೋಗುವಾಗ ಅವಳನ್ನೂ ಕರೆದುಕೊಂಡು ಹೋಯಿತು. ಮೂರು ವರ್ಷದ ಮಗಳು ಸೀತುವನ್ನು ತಂಗಿಯ ಕೈಯಲ್ಲಿಟ್ಟು, ಎರಡು ವರ್ಷದಲ್ಲಿ ಬರುತ್ತೇನೆ ಎಂದು ಹೇಳಿ ಹೋದವಳು ಬರಲಿಲ್ಲ. ಆ ಸೀತು ನಿಮ್ಮ ಅಮ್ಮ. ಅದಕ್ಕೇ ಪ್ರತಿವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದವರಿಗೆ ಎಲೆ ಹಾಕಿ ಬಡಿಸುವಾಗ ಎಲ್ಲರಿಗೂ ಎಲೆ ಉಂಟು, ಪೂವಕ್ಕನಿಗಿಲ್ಲ. ಹಿರಿಯರು ನೀವು. ಹಾಕುವುದು ಬೇಡ ಎನ್ನುತ್ತೀರಿ, ಅಮ್ಮನೂ ಹಾಕುವುದಿಲ್ಲ.

ನೀವು ನನ್ನನ್ನು ಯಾರಿಗೆ ಹೋಲಿಸಿದಿರೋ ಆ ಹೆಂಗಸು ಎಂಥವಳು ಎಂದು ನನಗೆ ತಿಳಿಯಬೇಕು. ಕಟ್ಟಡ ಕಂಪೆನಿಯಲ್ಲಿ ನನ್ನ ಕೆಲಸವೇ ಕಳೆದುಹೋದ ಕಾಗದ ಹುಡುಕುವುದು. ಅಮೆರಿಕದ ಹಳೆಯ ಜನಗಣತಿಯ ಹಾಳೆಗಳು ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಊರಿನ ಪತ್ರಿಕೆಗಳ ನಿಧನವಾರ್ತೆಗಳೂ ಸಿಗುತ್ತವೆ. ಆ ಜರ್ಮನರ ಹೆಸರು, ಅವರು ಹೋದ ಊರು ನಿಮಗೆ ನೆನಪಿದ್ದರೆ ಬರೆಯಿರಿ. ಪೂವಕ್ಕ ಮಗಳನ್ನು ಮರೆತಿರಲಿಲ್ಲ ಎಂದು ನಾನು ತೋರಿಸಿಕೊಟ್ಟರೆ ಈ ಆಟಿಯಲ್ಲಿ ಅವಳಿಗೊಂದು ಎಲೆ ಹಾಕುತ್ತೀರಾ?

ನಿಮ್ಮ ತಂಗಿಯ ಮಗಳು,
ಮೋಕ್ಷಾ


ಅಲ್ ವಕ್ರಾ
22 ಫೆಬ್ರವರಿ 2024

ಮೋಕ್ಷಾ,

ನಿನ್ನ ಕಾಗದ ಬಂತು. ಬಂಗುಡೆಯ ವಾಸನೆ ಸಹಿತ ಬಂತು. ಹನ್ನೊಂದು ತಪ್ಪುಗಳಿವೆ, ಕೆಂಪು ಗುರುತು ಹಾಕಿ ಜೊತೆಗಿಟ್ಟಿದ್ದೇನೆ. ದೊಡ್ಡವರಿಗೆ ಬರೆಯುವಾಗ ಒಮ್ಮೆ ತಿರುಗಿ ಓದಬೇಕು.

ದೊರೆಯ ಹೆಸರು ಹೆಫ್ನರ್. ಹೆಂಡತಿ ಲೀನಾ. ಮಗುವಿನ ಹೆಸರು ಎಲ್ಸಾ, ಹೋಗುವಾಗ ಅದಕ್ಕೆ ಆರು ತಿಂಗಳು. ದೊರೆಯ ಅಣ್ಣ ಮೊದಲೇ ಅಮೆರಿಕಕ್ಕೆ ಹೋಗಿ ನೆಲೆಸಿದ್ದ, ಅವನ ಊರಿಗೆ ಹೋದರಂತೆ. ಊರು ಒಹಾಯೋ ಎಂದು ಅಮ್ಮ ಹೇಳುತ್ತಿದ್ದಳು. ನಾವು ಮಕ್ಕಳು ಅದನ್ನು ಓಹೋಯೋ ಎಂದು ಹೇಳಿ ನಗುತ್ತಿದ್ದೆವು. ಅಮ್ಮ ನಗುತ್ತಿರಲಿಲ್ಲ.

ಪೂವಕ್ಕನ ಗಂಡ ಮಂಜಿ ಹಡಗಿನಲ್ಲಿ ಹಂಚು ತುಂಬಿಸಿಕೊಂಡು ಹೋದವನು ಕಡಲಿನಲ್ಲೇ ಹೋದ. ಆಗ ಅಮ್ಮನಿಗೆ ವರ್ಷ ತುಂಬಿರಲಿಲ್ಲ. ಹೆಂಗಸು ಆಯಾ ಕೆಲಸಕ್ಕೆ ಸೇರಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಹೋದದ್ದರಲ್ಲಿಯೂ ಅರ್ಧ ತಪ್ಪೇ ಎನ್ನುತ್ತೇನೆ. ಬಾರದಿರುವುದು ಪೂರ್ತಿ ತಪ್ಪು.

ಸ್ಟೀಮರು ಬಂತು ಎಂದರೆ ಅಮ್ಮ ಚಿಕ್ಕಮ್ಮನ ಕೈ ಹಿಡಿದುಕೊಂಡು ಬಂದರಿಗೆ ಹೋಗುತ್ತಿದ್ದಳಂತೆ. ಇಳಿದ ಹೆಂಗಸರ ಮುಖವನ್ನೆಲ್ಲ ನೋಡುವುದು, ತಿರುಗಿ ಮನೆಗೆ ಬರುವುದು. ತಾಯಿಯ ಮುಖ ಅವಳಿಗೆ ನೆನಪೇ ಇರಲಿಲ್ಲ, ಆದರೂ ನೋಡುತ್ತಿದ್ದಳು. ಹನ್ನೆರಡು ವರ್ಷ ತುಂಬಿದ ಮೇಲೆ ನಿಲ್ಲಿಸಿದಳು. ಆಮೇಲೆ ಸಾಯುವವರೆಗೆ ಬಂದರಿನ ದಾರಿಯಲ್ಲಿ ನಡೆಯಲಿಲ್ಲ. ಎಲೆ ಬೇಡ ಎಂದು ಹೇಳಿದ್ದು ನಾನಲ್ಲ, ಅವಳು. ನಾನು ನಡೆಸಿಕೊಂಡು ಬಂದಿದ್ದೇನೆ.

ತೋರಿಸಿಕೊಡುತ್ತೇನೆ ಎನ್ನುತ್ತೀಯಲ್ಲ, ತೋರಿಸು. ನಿನ್ನ ಊಹೆ ನನಗೆ ಬೇಡ. ಬರೆದದ್ದು ಬೇಕು.

ಪ್ರೇಮಾವತಿ


ಬಿನ್ ಮಹಮೂದ್
22 ಮಾರ್ಚ್ 2024

ದೊಡ್ಡಮ್ಮನಿಗೆ ನಮಸ್ಕಾರಗಳು.

ಈ ಕಾಗದವನ್ನು ಎರಡು ಸಲ ತಿರುಗಿ ಓದಿದ್ದೇನೆ. ರಮದಾನ್ ಆದ್ದರಿಂದ ಆಫೀಸು ಬೇಗ ಬಿಡುತ್ತದೆ. ನನ್ನ ರೂಮಿನಲ್ಲಿರುವ ಆಸಿಯಾ ಇಫ್ತಾರಿಗೆ ಅಡಿಗೆ ಮಾಡುವಾಗ ನಾನು ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ.

ಹೆಫ್ನರ್ ಕುಟುಂಬ ಸಿಕ್ಕಿತು. ಒಹಾಯೋ ಊರಲ್ಲ, ರಾಜ್ಯ. ಅದರಲ್ಲಿ ಜರ್ಮನರೇ ಹೆಚ್ಚಾಗಿದ್ದ ಒಂದು ಸಣ್ಣ ಊರು. 1920ರ ಗಣತಿಯ ಹಾಳೆಯಲ್ಲಿ ಆ ಮನೆಯಲ್ಲಿ ನಾಲ್ಕು ಜನ: ಗೊಟ್ಲೋಬ್ ಹೆಫ್ನರ್, ಹೆಂಡತಿ ಲೀನಾ, ಏಳು ವರ್ಷದ ಮಗಳು ಎಲ್ಸಾ. ಎಲ್ಸಾ ಹುಟ್ಟಿದ್ದು ಇಂಡಿಯಾದಲ್ಲಿ ಎಂದು ಬರೆದಿದೆ, ಹಾಗಾಗಿ ಇದೇ ಕುಟುಂಬ ಎನ್ನುವುದರಲ್ಲಿ ಅನುಮಾನವಿಲ್ಲ. ನಾಲ್ಕನೆಯವಳು ಮನೆಗೆಲಸದವಳು. ಆದರೆ ಅವಳು ನಮ್ಮವಳಲ್ಲ. ಹೆಸರು ಪೌವಾ ಆಕರ್, ಇಪ್ಪತ್ತೇಳು ವರ್ಷ, ಮದುವೆಯಾಗಿಲ್ಲ. ಹುಟ್ಟಿದ್ದು ಪಕ್ಕದ ಇಂಡಿಯಾನಾ ರಾಜ್ಯದಲ್ಲಿ. ಆಕರ್ ಎನ್ನುವುದು ಆ ಕಡೆ ತುಂಬ ಜನರಿಗಿರುವ ಜರ್ಮನ್ ಮನೆತನದ ಹೆಸರು. ಅಲ್ಲಿಯದೇ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡಿರಬೇಕು.

ಅಂದರೆ 1920ಕ್ಕಾಗುವಾಗ ಪೂವಕ್ಕ ಆ ಮನೆಯಲ್ಲಿರಲಿಲ್ಲ. ದಾರಿಯಲ್ಲೇ ತೀರಿಹೋದಳೋ, ಹೋದ ಮೇಲೆ ಕಾಯಿಲೆ ಬಿದ್ದಳೋ ತಿಳಿಯದು. ಹಡಗಿನ ಪಟ್ಟಿಗಳಲ್ಲೂ ಹುಡುಕಿದೆ, ಸಿಗಲಿಲ್ಲ. ಇದನ್ನು ಬರೆಯುವಾಗ ನನಗೆ ದುಃಖವಾಗುತ್ತಿದೆ. ಬರಲಾರದೆ ಹೋದವಳ ಮೇಲೆ ನಾವೆಲ್ಲ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡೆವೋ ಏನೋ.

ಮೋಕ್ಷಾ


ಅಲ್ ವಕ್ರಾ
29 ಮಾರ್ಚ್ 2024

ಮೋಕ್ಷಾ,

ಒಂದನೇ ಕ್ಲಾಸಿನ ಮಕ್ಕಳಿಗೆ ನಾನು ಮೊದಲ ದಿನವೇ ಹೇಳುತ್ತಿದ್ದ ಮಾತೊಂದಿದೆ: ಕಣ್ಣಿನಲ್ಲಿ ಮಾತ್ರ ಓದಬೇಡಿ, ಬಾಯಿಬಿಟ್ಟು ಓದಿ. ನಿನಗೆ ಮೂವತ್ತೇಳಾಯಿತು. ಈಗಲಾದರೂ ಬಾಯಿಬಿಟ್ಟು ಓದು. ಪೌವಾ ಆಕರ್. ಬೇಗ ಬೇಗ ಓದು. ಕೇಳಿಸಿತಾ?

ನೀನು ಆಕರ್ ಎಂಬ ಮನೆತನ ಯಾವುದೆಂದು ನೋಡುತ್ತಿದ್ದೀ. ಅದು ಮನೆತನವಲ್ಲ ಮಾರಾಯ್ತಿ, ಅಕ್ಕ. ಹೆಸರೇನೆಂದು ಕೇಳಿದವನಿಗೆ ಪೂವಕ್ಕ ಎಂದಿದ್ದಾರೆ. ಎಲ್ಲರಿಗೂ ಹಿಂದೊಂದು ಮುಂದೊಂದು ಹೆಸರಿರಲೇಬೇಕು ಎಂಬ ಊರಿನವನು ಅವಳನ್ನು ನಡುವೆ ಮುರಿದು ಎರಡು ಮಾಡಿದ. ಅರ್ಧ ಹೆಸರು ಅರ್ಥವಾಗಲಿಲ್ಲ, ಉಳಿದರ್ಧ ಜರ್ಮನಿಯದ್ದು ಎಂದುಕೊಂಡ. ಹುಟ್ಟಿದ ಊರನ್ನೂ ಇನ್ನೊಮ್ಮೆ ನೋಡು. ಮೂಲ ಹಾಳೆಯಲ್ಲಿ ಇಂಡಿಯಾನಾ ಎಂದು ಪೂರ್ತಿ ಬರೆದಿದ್ದಾನೋ, ಅಥವಾ ನಮ್ಮ ಆಫೀಸುಗಳಲ್ಲಿ ಮಾಡುವ ಹಾಗೆ ಮೂರಕ್ಷರ ಬರೆದು ಚುಕ್ಕಿ ಇಟ್ಟಿದ್ದಾನೋ?

ನಿನ್ನ ಕಾಗದ ಬಂದು ಓದಿದ ಕೂಡಲೇ ನನಗಿದು ಗೊತ್ತಾಯಿತು. ಬರೆಯಬೇಕೋ ಬೇಡವೋ ಎಂದು ಮೂರು ದಿನ ಕೂತೆ. ಅವಳು ದಾರಿಯಲ್ಲೇ ತೀರಿಹೋಗಿರಬೇಕು ಎಂದು ನೀನು ಬರೆದದ್ದನ್ನು ಓದಿದಾಗ ಒಂದು ಕ್ಷಣ ನನ್ನ ಎದೆ ಹಗುರವಾಗಿತ್ತು. ಸತ್ತಿದ್ದರೆ ಬಿಟ್ಟುಹೋದ ಹಾಗಲ್ಲವಲ್ಲ. ಅಷ್ಟರಲ್ಲಿ ನನ್ನ ಬಾಯಿಯೇ ಆ ಹೆಸರನ್ನು ಓದಿಬಿಟ್ಟಿತು. ಅವಳು ಬದುಕಿದ್ದಳು. ಮದುವೆಯೇ ಆಗಿಲ್ಲ ಎಂದು ಬರೆಸಿಕೊಂಡು, ಅವರ ಮಗುವನ್ನು ಸಾಕಿಕೊಂಡು, ಬೆಚ್ಚಗೆ ಇದ್ದಳು. ಆ ವರ್ಷ ನನ್ನ ಅಮ್ಮನಿಗೆ ಹತ್ತು ವರ್ಷ. ಇನ್ನೂ ಬಂದರಿಗೆ ಹೋಗುತ್ತಿದ್ದಳು.

ಪ್ರೇಮಾವತಿ


ಬಿನ್ ಮಹಮೂದ್
19 ಏಪ್ರಿಲ್ 2024

ದೊಡ್ಡಮ್ಮನಿಗೆ ನಮಸ್ಕಾರಗಳು.

ನೀವು ಹೇಳಿದ್ದೇ ಸರಿ. ಮೂಲ ಹಾಳೆಯಲ್ಲಿ ಇರುವುದು ಇಂಡ್ ಎಂಬ ಮೂರು ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಚುಕ್ಕಿ. ನೂರು ವರ್ಷದ ನಂತರ ಅದನ್ನು ಪಟ್ಟಿ ಮಾಡಿದವರು ಯಾರೋ ಇಂಡಿಯಾನಾ ಎಂದು ಬಿಡಿಸಿ ಬರೆದಿದ್ದಾರೆ. ಆಫೀಸಿನಲ್ಲಿ ಇಂಥ ತಪ್ಪಿಗೆ ನಾನು ಜನರನ್ನು ಗದರಿಸುತ್ತೇನೆ. ನಾನೇ ಪಟ್ಟಿ ನೋಡಿ ಮೂಲ ನೋಡದೆ ಬಿಟ್ಟೆ.

1930ರ ಹಾಳೆಯಲ್ಲಿ ಅವಳು ಪೌಲಾ ಆಕರ್ ಆಗಿದ್ದಾಳೆ. ಅದೇ ಮನೆ, ಅದೇ ಕೆಲಸ, ಅವಿವಾಹಿತೆ. 1936ರಲ್ಲಿ ಲೀನಾ ತೀರಿಹೋದಾಗ ಪತ್ರಿಕೆಯಲ್ಲಿ ಬಂದ ನಿಧನವಾರ್ತೆಯಲ್ಲಿ ಗಂಡ ಮಗಳ ಹೆಸರಿನ ಕೆಳಗೆ, ಮನೆಯಲ್ಲಿಯೇ ಇರುವ ಮಿಸ್ ಪೌಲಾ ಆಕರ್ ಅವರನ್ನೂ ಅಗಲಿದ್ದಾರೆ ಎಂದಿದೆ.

ಪೂವಕ್ಕನ ನಿಧನವಾರ್ತೆಯೂ ಸಿಕ್ಕಿತು. ಕಳಿಸುವುದು ಬೇಡ ಎಂದು ಆಸಿಯಾ ಹೇಳಿದಳು. ಬರೆದದ್ದು ಬೇಕು ಎಂದವರು ನೀವು. ಆದ್ದರಿಂದ ಕನ್ನಡ ಮಾಡಿ ಕೆಳಗೆ ಬರೆದಿದ್ದೇನೆ.

'ಮಿಸ್ ಪೌಲಾ ಆಕರ್, ವಯಸ್ಸು 65, ಅಲ್ಪಕಾಲದ ಅಸ್ವಸ್ಥತೆಯ ನಂತರ ಮಂಗಳವಾರ ನಿಧನರಾದರು. ಅವರು ನಲವತ್ತನಾಲ್ಕು ವರ್ಷ ಹೆಫ್ನರ್ ಕುಟುಂಬದಲ್ಲಿದ್ದರು. ಜರ್ಮನಿಯಲ್ಲಿ ಜನಿಸಿದವರೆಂದು ತಿಳಿದುಬಂದಿದೆ. ಬದುಕಿರುವ ಬಂಧುಗಳು ಯಾರೂ ಇಲ್ಲ.'

ಇದು 1957ರ ಅಕ್ಟೋಬರ್ ತಿಂಗಳಿನದು.

ಇನ್ನೊಂದು ವಿಷಯ. ವಂಶಾವಳಿ ಹುಡುಕುವವರ ಒಂದು ವೆಬ್‌ಸೈಟಿನಲ್ಲಿ ಕ್ಯಾರೊಲ್ ಎಂಬ ಹೆಂಗಸು ಹಾಕಿದ ಪ್ರಶ್ನೆ ಕಣ್ಣಿಗೆ ಬಿತ್ತು. ಎಲ್ಸಾಳ ಮಗಳು ಅವರು, ಎಂಬತ್ತೊಂದು ವರ್ಷ. ಜರ್ಮನಿಯಿಂದ ಬಂದ ತಮ್ಮ ಕುಟುಂಬದವರ ಚರಿತ್ರೆಯನ್ನೆಲ್ಲ ಒಟ್ಟುಮಾಡಿದ್ದಾರೆ. ಎಲ್ಲರೂ ಸಿಕ್ಕಿದ್ದಾರೆ, ಪೌಲಾ ಆಕರ್ ಒಬ್ಬಳನ್ನು ಬಿಟ್ಟು. ಜರ್ಮನಿಯ ಒಂದೊಂದೇ ಚರ್ಚಿನ ಪುಸ್ತಕ ತೆಗೆಸಿ ಇಪ್ಪತ್ತು ವರ್ಷದಿಂದ ನಮ್ಮ ಪೂವಕ್ಕನನ್ನು ಹುಡುಕುತ್ತಿದ್ದಾರೆ. ಅವರಿಗೆ ಬರೆದಿದ್ದೇನೆ.

ಮೋಕ್ಷಾ


ಅಲ್ ವಕ್ರಾ
2 ಮೇ 2024

ಮೋಕ್ಷಾ,

1957ರ ಅಕ್ಟೋಬರಿನಲ್ಲಿ ನಾನು ಆರನೇ ಕ್ಲಾಸು. ನಮ್ಮ ಮನೆಯಲ್ಲಿ ಅಮ್ಮ, ಅಪ್ಪ, ಇನ್ನೂ ಗಟ್ಟಿಯಾಗಿದ್ದ ಪೂವಕ್ಕನ ತಂಗಿ, ಅವಳ ಮಕ್ಕಳಾದ ನಮ್ಮ ಇಬ್ಬರು ಮಾವಂದಿರು, ನಾವು ಆರು ಮಕ್ಕಳು. ನಿನ್ನ ಅಮ್ಮ ಆಗಷ್ಟೇ ಶಾಲೆಗೆ ಸೇರಿ ದಿನಾ ಅಳುತ್ತಿದ್ದಳು. ಎಲ್ಲರೂ ಸೇರಿ ಹನ್ನೊಂದು ಜನ. ಊಟಕ್ಕೆ ಎರಡು ಪಂಕ್ತಿ ಕೂರುತ್ತಿದ್ದೆವು. ಬದುಕಿರುವ ಬಂಧುಗಳು ಯಾರೂ ಇಲ್ಲ.

ಪತ್ರಿಕೆಯವರಿಗೆ ಅದನ್ನು ಹೇಳಿದವರು ಯಾರು? ಹೆಫ್ನರ್ ಮನೆಯವರು. ಅವರಿಗೆ ಹಾಗೆ ತಿಳಿದದ್ದು ಹೇಗೆ? ನಲವತ್ತನಾಲ್ಕು ವರ್ಷದಲ್ಲಿ ಅವಳು ಒಂದು ಸಲವೂ ನನಗೊಬ್ಬಳು ಮಗಳಿದ್ದಾಳೆ ಎಂದು ಹೇಳಲಿಲ್ಲ. ನೀನು ತೋರಿಸುತ್ತೇನೆ ಎಂದು ಹೊರಟದ್ದು ಒಂದು, ತೋರಿಸಿದ್ದು ಇನ್ನೊಂದು.

ಎಲೆ ಇಲ್ಲ. ಇನ್ನು ಈ ವಿಷಯದಲ್ಲಿ ಬರೆಯಬೇಡ. ಕಬೀರ ಕಾಗದ ಕೊಟ್ಟು ನನ್ನ ಮುಖ ನೋಡುತ್ತಾ ನಿಲ್ಲುತ್ತಾನೆ, "ಟೀಚರಮ್ಮ, ಊರಲ್ಲಿ ಎಲ್ಲ ಸೌಖ್ಯ ಅಲ್ವಾ?" ಎಂದು ಕೇಳುತ್ತಾನೆ. ಅವನಿಗೆ ಏನೆಂದು ಹೇಳಲಿ?

ಪ್ರೇಮಾವತಿ


ಬಿನ್ ಮಹಮೂದ್
31 ಮೇ 2024

ದೊಡ್ಡಮ್ಮನಿಗೆ ನಮಸ್ಕಾರಗಳು.

ಬರೆಯಬೇಡ ಎಂದಿದ್ದೀರಿ, ಬರೆಯುತ್ತಿದ್ದೇನೆ. ಕ್ಯಾರೊಲ್ ಉತ್ತರ ಕೊಟ್ಟಿದ್ದಾರೆ. ಉದ್ದ ಕಾಗದ. ಪೌಲಾ ಜರ್ಮನಿಯವಳಲ್ಲ ಎಂಬುದನ್ನು ನಂಬಲು ಅವರಿಗೆ ಒಂದು ವಾರ ಬೇಕಾಯಿತಂತೆ. ಅವಳ ಬಣ್ಣ ಕಂದಾಗಿರುವುದು ದಕ್ಷಿಣ ಜರ್ಮನಿಯವಳಾದ್ದರಿಂದ ಎಂದೇ ಮನೆಯಲ್ಲಿ ಹೇಳುತ್ತಿದ್ದರಂತೆ.

ಅವಳು ಸಾಯುವಾಗ ಕ್ಯಾರೊಲ್‌ಗೆ ಹದಿನಾಲ್ಕು. ಚೆನ್ನಾಗಿ ನೆನಪಿದೆ. ಮಕ್ಕಳೆಲ್ಲ ಅವಳನ್ನು 'ಅಕ್ಕ' ಎಂದೇ ಕರೆಯುತ್ತಿದ್ದರಂತೆ. ಆಕರ್ ಎನ್ನಲು ಬಾರದ ಯಾವುದೋ ಮಗು ಹಾಗೆ ಶುರುಮಾಡಿರಬೇಕು ಎಂದು ಮನೆಯವರು ತಿಳಿದಿದ್ದರು. ಆ ಮಾತಿಗೊಂದು ಅರ್ಥವಿದೆ ಎಂದು ನಾನು ಬರೆದ ಮೇಲೆಯೇ ಗೊತ್ತಾದದ್ದು.

ಇನ್ನೊಂದು ಸಂಗತಿ ಬರೆದಿದ್ದಾರೆ. ಪ್ರತಿವರ್ಷ ಆಗಸ್ಟ್ ತಿಂಗಳಿನಲ್ಲಿ ಒಂದು ದಿನ ಅಕ್ಕ ಅನ್ನ ಮಾಡಿ ಕೋಳಿ ಬೇಯಿಸಿ, ಒಂದು ತಟ್ಟೆಯಲ್ಲಿ ಬಡಿಸಿ ಹಿಂದಿನ ಜಗಲಿಯಲ್ಲಿ ಇಡುತ್ತಿದ್ದಳು. ಆಮೇಲೆ ಬಾಗಿಲು ಹಾಕಿ, ಮಕ್ಕಳು ಮಾತಾಡಬಾರದು ಎಂದು ತುಟಿಯ ಮೇಲೆ ಬೆರಳಿಟ್ಟುಕೊಂಡು ಒಳಗೆ ಕೂರುತ್ತಿದ್ದಳು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆಗೆಯುವ ಮೊದಲು ಕೆಮ್ಮುತ್ತಿದ್ದಳು. ಬೆಕ್ಕಿಗೆ ಇಡುತ್ತಾಳೆ ಎಂದು ಅವರೆಲ್ಲ ಎಣಿಸಿದ್ದರು. ಒಂದೇ ತಟ್ಟೆಯಂತೆ. ಕಡಲಿನಲ್ಲಿ ಹೋದ ಗಂಡನಿಗೆ ಇರಬೇಕು. ದೊಡ್ಡಮ್ಮ, ಹೇಳಿಕೊಡುವವರು ಯಾರೂ ಇಲ್ಲದೆ ಅವಳು ಅಲ್ಲಿ ಆಟಿಯ ಲೆಕ್ಕ ಇಟ್ಟುಕೊಂಡಿದ್ದಳು.

ನನ್ನದೂ ಒಂದು ಮಾತು ಹೇಳಬೇಕು. ಗಗನಾಳ ಅಪ್ಪ ನಮ್ಮನ್ನು ಬಿಟ್ಟು ಹೋದ ಮೇಲೆ ನನಗೆ ಸಿಕ್ಕಿದ ಕೆಲಸ ಇದೊಂದೇ. ನನ್ನ ಗ್ರೇಡಿಗೆ ಫ್ಯಾಮಿಲಿ ವೀಸಾ ಆಗುವುದಿಲ್ಲ, ಇದು ನಿಮಗೂ ಗೊತ್ತು. ದಿನಾ ಸಂಜೆ ಐದಕ್ಕೆ ಅವಳಿಗೆ ಫೋನ್ ಮಾಡುತ್ತೇನೆ. ಮೊದಲ ವರ್ಷ "ಅಮ್ಮ, ಯಾವಾಗ ಬರ್ತಿ?" ಎಂದು ದಿನಾ ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ರಜೆ ಸಿಗಲಿಲ್ಲ ಎಂದರೆ "ಓಕೆ" ಎನ್ನುತ್ತಾಳೆ. ಆ ಓಕೆ ಕೇಳಿದ ದಿನ ನನಗೆ ಊಟ ಸೇರುವುದಿಲ್ಲ. ಅವಳೂ ಹನ್ನೆರಡು ತುಂಬುವ ಹೊತ್ತಿಗೆ ಬಂದರಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟರೆ ಎಂದು ಹೆದರಿಕೆಯಾಗುತ್ತದೆ. ನಿಮ್ಮಿಂದ ಒಂದು ಎಲೆ ಕೇಳುತ್ತಿರುವುದು ಪೂವಕ್ಕನಿಗಾಗಿ ಮಾತ್ರ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ.

ಮೋಕ್ಷಾ


ಅಲ್ ವಕ್ರಾ
7 ಜೂನ್ 2024

ಮೋಕ್ಷಾ,

ಬಾಗಿಲು ತೆಗೆಯುವ ಮೊದಲು ಕೆಮ್ಮುತ್ತಿದ್ದಳು ಎಂಬುದನ್ನು ಎರಡು ಸಲ ಓದಿದೆ. ನನ್ನ ಅಮ್ಮನೂ ಹಾಗೆಯೇ ಮಾಡುತ್ತಿದ್ದಳು. ಒಳಗೆ ಉಣ್ಣುತ್ತಿರುವವರು ಗಾಬರಿಯಾಗಬಾರದು ಎಂದು.

ಆದರೂ ಕೇಳು. ಗಂಡನಿಗೆ ಬಡಿಸಿದ್ದಾಳೆ, ಒಳ್ಳೆಯದು ಮಾಡಿದಳು. ಸತ್ತವರನ್ನು ವರ್ಷಕ್ಕೊಂದು ದಿನ ನೆನೆಯುವುದು ಕಷ್ಟವಲ್ಲ, ಅವರು ಯಾವಾಗ ಬರ್ತಿ ಎಂದು ಕೇಳುವುದಿಲ್ಲ. ಬದುಕಿದ್ದ ಮಗಳನ್ನು ನೆನೆದದ್ದು ಎಲ್ಲಿ ಬರೆದಿದೆ, ಅದನ್ನು ತೋರಿಸು.

ಕಬೀರನ ಕೈಯಲ್ಲಿ ಬಂಗುಡೆ ಪುಳಿಮುಂಚಿ ಸಾರು ಕಳಿಸಿದ್ದೇನೆ. ಸಂಜಯನಿಗೆಂದು ಮಾಡಿದ್ದು ಹೆಚ್ಚಾಯಿತು, ಅಷ್ಟೆ. ಡಬ್ಬಿ ತೊಳೆದು ವಾಪಸು ಕಳಿಸು.

ಪ್ರೇಮಾವತಿ


ಬಿನ್ ಮಹಮೂದ್
12 ಜುಲೈ 2024

ದೊಡ್ಡಮ್ಮನಿಗೆ ನಮಸ್ಕಾರಗಳು.

1940ರ ಗಣತಿಯಲ್ಲಿ ಅವಳು ಸಿಕ್ಕಿರಲಿಲ್ಲ. ನನಗೂ ಸಿಕ್ಕಿರಲಿಲ್ಲ, ಕ್ಯಾರೊಲ್‌ಗೂ ಸಿಕ್ಕಿರಲಿಲ್ಲ. ಲೀನಾ ಹೋದ ಮೇಲೆ ಹೆಫ್ನರ್ ಮನೆ ಬದಲಿಸಿದ್ದ, ಹೆಸರುಗಳನ್ನೂ ಪಟ್ಟಿಯಲ್ಲಿ ತಪ್ಪು ಓದಿದ್ದರು. ಈ ಸಲ ನಾನು ಪಟ್ಟಿಯನ್ನು ನಂಬಲಿಲ್ಲ. ಆ ಊರಿನ ಹಾಳೆಗಳು ಒಟ್ಟು ಇನ್ನೂರ ಹದಿನೆಂಟು. ಒಂದೊಂದು ಹಾಳೆಯಲ್ಲಿ ನಲವತ್ತು ಜನ. ಮೊದಲ ಬೀದಿಯಿಂದ ಶುರುಮಾಡಿ ಬಾಯಿಬಿಟ್ಟು ಓದುತ್ತಾ ಬಂದೆ. ನನಗೆ ಏನೋ ಆಗಿದೆ ಎಂದು ಆಸಿಯಾ ಎಣಿಸಿದಳು. ನೂರ ತೊಂಬತ್ತೆರಡನೆಯ ಹಾಳೆಯಲ್ಲಿ ಸಿಕ್ಕಿದಳು. ಪ್ರಿಂಟ್ ತೆಗೆದು ಜೊತೆಗಿಟ್ಟಿದ್ದೇನೆ. ಇಪ್ಪತ್ತೊಂಬತ್ತನೆಯ ಸಾಲು ನೋಡಿ. ನಿಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿ.

ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ವೃತ್ತ, ಅದರೊಳಗೆ ಕತ್ತರಿ ಗುರುತು ಇದೆಯಲ್ಲ, ಆ ವರ್ಷದ ಗಣತಿಯಲ್ಲಿ ಮಾತ್ರ ಅದನ್ನು ಹಾಕಿದರು. ಮನೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ಯಾರೋ ಅವರ ಹೆಸರಿನ ಪಕ್ಕದಲ್ಲಿ. ಮೊದಲಿನ ಗಣತಿಗಳಲ್ಲಿ ದೊರೆಯೋ ಲೀನಾಳೋ ಅವಳ ಪರವಾಗಿ ಹೇಳಿರಬೇಕು. ಅದು ಊಹೆ ಎಂದು ನನಗೂ ಗೊತ್ತು. ಇದು ಊಹೆಯಲ್ಲ. ಆ ದಿನ ಬಾಗಿಲು ತೆಗೆದು ಮಾತಾಡಿದ್ದು ಪೂವಕ್ಕನೇ.

ಅವಳೇ ಹೇಳಿದ್ದಕ್ಕೆ ಏನೆಲ್ಲ ಬದಲಾಗಿದೆ ನೋಡಿ. ಹುಟ್ಟಿದ ಸ್ಥಳ ಇಂಡಿಯಾ, ಪೂರ್ತಿ ಅಕ್ಷರದಲ್ಲಿ. ಅವಿವಾಹಿತೆ ಎಂಬುದು ಹೋಗಿ ವಿಧವೆ ಎಂದು ಬಂದಿದೆ.

ಈಗ ಹಾಳೆಯ ಅಡಿಗೆ ಬನ್ನಿ. ಪ್ರತಿ ಹಾಳೆಯ ನಲವತ್ತು ಜನರಲ್ಲಿ ಇಬ್ಬರಿಗೆ ಮಾತ್ರ, ಹದಿನಾಲ್ಕನೆಯ ಸಾಲಿನವರಿಗೆ ಮತ್ತು ಇಪ್ಪತ್ತೊಂಬತ್ತನೆಯ ಸಾಲಿನವರಿಗೆ, ಇನ್ನಷ್ಟು ಪ್ರಶ್ನೆ ಕೇಳುತ್ತಿದ್ದರು. ಸರದಿ ಬಂದವರಿಗೆ ಬಂತು. ಒಂದು ಮನೆ ಆಚೀಚೆಯಾಗಿದ್ದರೆ ಅವಳನ್ನು ಕೇಳುತ್ತಲೇ ಇರಲಿಲ್ಲ. ಚಿಕ್ಕಂದಿನಲ್ಲಿ ಮನೆಯಲ್ಲಿ ಆಡುತ್ತಿದ್ದ ಭಾಷೆ ಯಾವುದು? ಟೂಲೂ ಎಂದು ಬರೆದಿದ್ದಾನೆ, ಕೇಳಿದ ಹಾಗೆ. ಮದುವೆಯಾದಾಗ ವಯಸ್ಸು? ಹದಿನೇಳು. ಅದರ ಪಕ್ಕದ ಕೊನೆಯ ಅಂಕಣ, ಹೆತ್ತ ಮಕ್ಕಳೆಷ್ಟು?

1.

ದೊಡ್ಡಮ್ಮ, ಮಗಳನ್ನು ಬಿಟ್ಟು ಇಪ್ಪತ್ತೇಳು ವರ್ಷವಾಗಿತ್ತು. ಆ ಮನೆಯಲ್ಲಿ ಅವಳ ಮಗಳ ಮಾತೇ ಇರಲಿಲ್ಲ. ಸುಮ್ಮನೆ ಸೊನ್ನೆ ಎಂದಿದ್ದರೆ ಯಾರೂ ತಿರುಗಿ ಕೇಳುವವರಿರಲಿಲ್ಲ. ಸರಕಾರದ ಮನುಷ್ಯ ಕೇಳಿದ, ಅವಳು ಹೇಳಿದಳು. ಕ್ಯಾರೊಲ್‌ಗೆ ಈ ಹಾಳೆ ಕಳಿಸಿದೆ. ಮೂರನೆಯ ದಿನ ಒಂದೇ ಸಾಲು ಬಂತು: ನಾವು ಯಾರೂ ಅವಳನ್ನು ಕೇಳಲಿಲ್ಲ.

ಬರುವ ವಾರ ಆಟಿ ಹಿಡಿಯುತ್ತದೆ. ನನಗೆ ಹೇಳಲು ಇನ್ನೇನೂ ಉಳಿದಿಲ್ಲ.

ಮೋಕ್ಷಾ


ಅಲ್ ವಕ್ರಾ
10 ಆಗಸ್ಟ್ 2024

ಪ್ರೀತಿಯ ಮೋಕ್ಷಾ,

ಒಂದು ತಿಂಗಳು ಬರೆಯಲಿಲ್ಲ. ಕಬೀರ ಬರಿಗೈಯಲ್ಲಿ ಬಂದು ಹೋಗುವುದನ್ನು ನೋಡಿ ನಿನಗೇನನ್ನಿಸಿತೋ. ಆ ಹಾಳೆಯನ್ನು ದಿನಾ ಬೆಳಿಗ್ಗೆ ತೆಗೆದು ನೋಡುತ್ತಿದ್ದೆ. ಆ ಒಂದು ಎಂಬುದು ನನ್ನ ಅಮ್ಮ. ಅವಳ ಹೆಸರು ಅಲ್ಲಿಲ್ಲ, ಆದರೆ ಅವಳೇ.

ಪೂವಕ್ಕನನ್ನು ನಾನು ಕ್ಷಮಿಸಿಬಿಟ್ಟೆ ಎಂದು ತಿಳಿಯಬೇಡ. ಅವಳು ಯಾಕೆ ಬರಲಿಲ್ಲ ಎಂಬುದಕ್ಕೆ ಆ ಹಾಳೆಯಲ್ಲಿ ಅಂಕಣವಿಲ್ಲ. ಅವರು ಕಳಿಸಲಿಲ್ಲವೋ, ಯುದ್ಧ ಅಡ್ಡ ಬಂತೋ, ಎಷ್ಟೋ ವರ್ಷ ಕಳೆದ ಮೇಲೆ ಬರಲು ಮುಖವಿಲ್ಲ ಎನ್ನಿಸಿತೋ. ಅದು ತಿಳಿಯದೆಯೇ ನಾನೂ ಹೋಗುತ್ತೇನೆ. ಆದರೆ ಮರೆತಳು ಎಂದು ಅಮ್ಮ ನಂಬಿದ್ದು ತಪ್ಪು. ಆ ತಪ್ಪನ್ನು ನಾನು ಇಷ್ಟು ವರ್ಷ ಜೋಪಾನವಾಗಿ ನಡೆಸಿಕೊಂಡು ಬಂದೆ.

ಕಳೆದ ವಾರ ನಾನಾಗಿ ಗಗನಾಳಿಗೆ ಫೋನ್ ಮಾಡಿಸಿದೆ. ಸಂಜಯ ಸ್ಪೀಕರಿನಲ್ಲಿ ಹಾಕಿ ನನ್ನ ಕಿವಿಯ ಹತ್ತಿರ ಹಿಡಿದ. "ನಿನ್ನ ಅಮ್ಮ ಎಲ್ಲಿದ್ದಾಳೆ ಗೊತ್ತುಂಟಾ?" ಎಂದು ಕೇಳಿದೆ. "ಗೊತ್ತುಂಟು ಅಜ್ಜಿ. ಬಿನ್ ಮಹಮೂದ್, ಸೆಕೆಂಡ್ ಫ್ಲೋರ್, ಕೆಳಗೆ ಕ್ಲಿನಿಕ್ ಉಂಟು. ಈಗ ಆಫೀಸಿಂದ ಬಂದು ಕಾಲು ತೊಳೀತಾ ಇರ್ತಾಳೆ. ಇನ್ನು ಹತ್ತು ನಿಮಿಷಕ್ಕೆ ಫೋನ್ ಮಾಡ್ತಾಳೆ, ನೀವು ಇಡಿ" ಎಂದಳು. ನಾನು ಇಟ್ಟೆ. ನನ್ನ ಅಮ್ಮನಿಗೆ ಇದರಲ್ಲಿ ಒಂದು ಸಂಗತಿಯೂ ಗೊತ್ತಿರಲಿಲ್ಲ. ನಿನಗೆ ಆ ದಿನ ಹಾಗೆ ಅಂದು ಒಳಗೆ ಹೋದದ್ದು ನನ್ನ ತಪ್ಪು. ನಿನಗೆ ನೋವಾಗಲಿ ಎಂದೇ ಅಂದಿದ್ದೆ. ಆದ್ದರಿಂದ ದೊಡ್ಡ ತಪ್ಪು.

ಕ್ರಿಸ್‌ಮಸ್ ರಜೆಗೆ ಗಗನಾಳನ್ನು ವಿಸಿಟ್ ವೀಸಾದಲ್ಲಿ ಇಲ್ಲಿಗೆ ಕರೆಸಲು ಸಂಜಯನಿಗೆ ಹೇಳಿದ್ದೇನೆ. "ಆಗ್ತದಮ್ಮ, ನೋಡುವ" ಎಂದಿದ್ದಾನೆ. ನೋಡುವುದಲ್ಲ, ಮಾಡಬೇಕು ಎಂದಿದ್ದೇನೆ.

ನಿನ್ನೆ ಶುಕ್ರವಾರ ಬಡಿಸಿದೆ. ಮಲಯಾಳಿಯ ಅಂಗಡಿಯಿಂದ ಎಲೆ ತರಿಸಿದೆ. ಸಂಜಯ ಎಲೆ ಒರೆಸುತ್ತಾ, "ಫ್ಲ್ಯಾಟಿನಲ್ಲಿ ಬಡಿಸಿದ್ರೆ ಅವರಿಗೆ ಗೊತ್ತಾಗ್ತದಾ ಅಮ್ಮ? ಸಮುದ್ರ ದಾಟಿ ಬರ್ಬೇಕಲ್ಲ" ಎಂದ. ಅವಳಿಗೆ ಸಮುದ್ರ ದಾಟಿ ಅಭ್ಯಾಸ ಉಂಟು, ನೀನು ಕೋಳಿಗೆ ಉಪ್ಪು ಸರಿ ಉಂಟಾ ನೋಡಬೇಡ, ಮೊದಲೇ ರುಚಿ ನೋಡಬಾರದು ಎಂದೆ.

ಒಳಗಿನ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿದೆವು. ನಿನ್ನ ದೊಡ್ಡಪ್ಪನಿಗೆ, ಮಾವಂದಿರಿಗೆ, ನನ್ನ ಅಪ್ಪನಿಗೆ. ಕೊನೆಗೆ ಅಮ್ಮನಿಗೆ ಒಂದು, ಅದಕ್ಕೆ ತಾಗಿಸಿ ಇನ್ನೊಂದು. ಬಡಿಸಿ ಹೆಸರು ಹಿಡಿದು ಕರೆದೆ. ಪೂವಕ್ಕ ಎಂದೂ ಕರೆದೆ. ಎಪ್ಪತ್ತೆಂಟು ವರ್ಷದಲ್ಲಿ ಆ ಹೆಸರನ್ನು ಬೈಯಲಿಕ್ಕಲ್ಲದೆ ಹೇಳಿದವಳಲ್ಲ ನಾನು.

ಆಮೇಲೆ ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂತೆವು. ಯಾವಾಗಲೂ ಹತ್ತು ನಿಮಿಷ ಬಿಡುವುದು ಕ್ರಮ. ಹತ್ತು ಕಳೆಯಿತು, ಇಪ್ಪತ್ತು ಕಳೆಯಿತು. ಸಂಜಯ ಗಡಿಯಾರ ನೋಡಿ, "ಸಾಕಲ್ವಾ ಅಮ್ಮ, ಬಾಗಿಲು ತೆಗೆಯುವನಾ?" ಎಂದ. ಸುಮ್ಮನಿರು ಎಂದೆ. ತಾಯಿ ಮಗಳು ಕೂತಿದ್ದಾರೆ, ಅವರಿಗೆ ಮಾತಾಡಲಿಕ್ಕಿರುತ್ತದೆ.

ನಿನ್ನ ದೊಡ್ಡಮ್ಮ,
ಪ್ರೇಮಾವತಿ